ನಿಜ, ಸತ್ಯ, ದಿಟ, ಖರೆ: ಎಲ್ಲಿ ಯಾವುದು ಕೂಡುತ್ತದೆ?

ಕಲಿಸುವವರು:

ವಯಸ್ಕರಿಗೆ ಕನ್ನಡ ಕಲಿಸುವ ಪಾಠಕ್ಕಾಗಿ ಕೇಳುತ್ತಿದ್ದೇನೆ. ಕಲಿಯುವವರ ಮನೆಮಾತು ಹಿಂದಿ, ಮಲಯಾಳ, ತೆಲುಗು. ನಿಘಂಟಿನಲ್ಲಿ ‘ನಿಜ’ ನೋಡಿದರೆ ‘ಸತ್ಯ, ದಿಟ’ ಅಂತಿರುತ್ತದೆ, ‘ಸತ್ಯ’ ನೋಡಿದರೆ ‘ನಿಜ, ದಿಟ’ ಅಂತಿರುತ್ತದೆ. ಕಲಿಯುವವರು ಅದನ್ನು ನಂಬಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಾರೆ. ಹಾಗೆ ಬಂದ ವಾಕ್ಯಗಳು ಇವು:

1. ನಿಮ್ಮ ಸತ್ಯ ಹೆಸರೇನು?
2. ಸತ್ಯವಾ? ಇವತ್ತು ರಜೆಯಾ?
3. ಬಸ್ಸು ಬಂತು ಸತ್ಯ, ಆದರೆ ನಿಲ್ಲಲಿಲ್ಲ.
4. ಈ ಸಾರು ಸತ್ಯವಾಗಿ ಚೆನ್ನಾಗಿದೆ.
5. ಅವರು ತುಂಬಾ ನಿಜವಂತರು.

ಐದೂ ಕಿವಿಗೆ ಒಗ್ಗುವುದಿಲ್ಲ. ಯಾಕೆ ಒಗ್ಗುವುದಿಲ್ಲ ಅನ್ನುವುದನ್ನು ಕಲಿಯುವವರು ನೆನಪಿಟ್ಟುಕೊಳ್ಳುವ ಹಾಗೆ ಹೇಳುವುದು ಹೇಗೆ? ‘ದಿಟ’, ‘ಖರೆ’, ‘ಪ್ರಾಮಾಣಿಕ’ ಇವುಗಳ ಜಾಗ ಯಾವುದು ಅನ್ನುವುದನ್ನೂ ತಿಳಿದವರು ಬರೆಯಿರಿ.

ಮಲೆನಾಡು ಮಾತು:

ಐದಕ್ಕೂ ಒಂದೇ ಬೇರಿದೆ. ‘ನಿಜ’ ಸಂಗತಿಗೆ ಅಂಟಿಕೊಂಡ ಪದ, ‘ಸತ್ಯ’ ಹೇಳುವವನ ಹೊಣೆಗೆ ಅಂಟಿಕೊಂಡ ಪದ. ಒಂದು ವಿಷಯ ಹೌದೋ ಅಲ್ಲವೋ ಅಂತ ಕೇಳುವಾಗ ‘ನಿಜ’ ಸಾಕು. ಹೇಳಿದವನು ತನ್ನ ಮಾತಿಗೆ ನಿಲ್ಲುತ್ತಾನೋ ಇಲ್ಲವೋ ಅನ್ನುವ ಭಾರ ಬಿದ್ದ ಕೂಡಲೇ ‘ಸತ್ಯ’ ಬರುತ್ತದೆ.

ಮೊದಲ ವಾಕ್ಯ. ಸಂಸ್ಕೃತದಲ್ಲಿ ‘ನಿಜ’ ಅಂದರೆ ‘ತನ್ನದೇ ಆದ’, ‘ಹುಟ್ಟಿನಿಂದ ಬಂದ’. ಹಿಂದಿಯ ‘ನಿಜೀ’ ಅಂದರೆ ಇವತ್ತಿಗೂ ‘ಖಾಸಗಿ’. ಕನ್ನಡ, ತೆಲುಗುಗಳಲ್ಲಿ ಅದೇ ಪದ ‘ಹೌದಾದದ್ದು’ ಎಂಬ ಅರ್ಥಕ್ಕೆ ತಿರುಗಿತು. ಆದರೂ ಹಳೆಯ ಅರ್ಥ ಸಮಾಸಗಳ ಒಳಗೆ ಉಳಿದಿದೆ: ನಿಜರೂಪ, ನಿಜಸ್ವರೂಪ, ನಿಜಬಣ್ಣ, ನಿಜನಾಮ, ನಿಜಜೀವನ. ಇವುಗಳಲ್ಲೆಲ್ಲ ವಸ್ತುವಿನ ‘ಸ್ವಂತದ್ದು’ ಎಂಬ ಅಂಶವಿದೆ. ವೇಷ ಕಳಚಿದ ಮೇಲೆ ಉಳಿಯುವುದು ನಿಜರೂಪ, ‘ಸತ್ಯರೂಪ’ ಅಂದರೆ ದೇವರ ವರ್ಣನೆಯಾಗಿಬಿಡುತ್ತದೆ. ಆದ್ದರಿಂದ ‘ನಿಮ್ಮ ನಿಜವಾದ ಹೆಸರೇನು?’.

ಎರಡನೆಯದು. ಇದು ಬಹುಮಟ್ಟಿಗೆ ಮಲಯಾಳದಿಂದ ಬಂದಿರುತ್ತದೆ. ಮಲಯಾಳದಲ್ಲಿ ಮಾತಿನ ನಡುವೆ ‘ಸತ್ಯಂ?’ ಅಂತ ಹಗುರವಾಗಿ ಕೇಳುತ್ತಾರೆ. ಕನ್ನಡದಲ್ಲಿ ಅಷ್ಟು ಹಗುರವಾದ ಜಾಗದಲ್ಲಿ ಬರುವುದು ‘ಹೌದಾ?’ ಅಥವಾ ‘ನಿಜವಾ?’. ‘ಸತ್ಯವಾ?’ ಅಂದರೆ ಎದುರಿಗಿದ್ದವರಿಗೆ ಆಣೆ ಇಡಲು ಹೇಳಿದಂತೆ ಕೇಳುತ್ತದೆ. ತೆಲುಗಿನವರು ಇಲ್ಲಿ ತಪ್ಪುವುದಿಲ್ಲ, ಅವರದೇ ‘ನಿಜಮಾ?’ ನೇರವಾಗಿ ಕೂಡುತ್ತದೆ.

ಮೂರನೆಯದನ್ನು ಪಾಠದಲ್ಲಿ ತಪ್ಪದೆ ಇಡಿ, ಎರಡು ಪದಗಳನ್ನು ಬೇರೆ ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ‘ಬಸ್ಸು ಬಂದದ್ದು ನಿಜ, ಆದರೆ ನಿಲ್ಲಲಿಲ್ಲ.’ ಒಂದನ್ನು ಒಪ್ಪಿಕೊಂಡು ಮುಂದಿನದನ್ನು ತಿರುಗಿಸುವ ಈ ರಚನೆಯಲ್ಲಿ ಕ್ರಿಯಾಪದ ‘ಬಂದದ್ದು, ಹೋದದ್ದು, ಹೇಳಿದ್ದು’ ಎಂಬ ರೂಪಕ್ಕೆ ಬರಬೇಕು, ಆಮೇಲೆ ‘ನಿಜ’. ಕಲಿಯುವವರು ‘ಬಂತು ನಿಜ’ ಅಂದರೂ ನಡೆಯುತ್ತದೆ, ಮಾತಿನಲ್ಲಿ ಅದೂ ಇದೆ. ‘ಸತ್ಯ’ ಮಾತ್ರ ಇಲ್ಲಿ ಹೊರೆ.

ನಾಲ್ಕನೆಯದು. ‘ನಿಜಕ್ಕೂ ಚೆನ್ನಾಗಿದೆ’, ‘ನಿಜವಾಗಿಯೂ ಚೆನ್ನಾಗಿದೆ’: ಇಲ್ಲಿ ‘ನಿಜ’ ಒತ್ತು ಕೊಡುವ ಪದ. ‘ಸತ್ಯಕ್ಕೂ’ ಅನ್ನುವ ರೂಪವೇ ಬಳಕೆಯಲ್ಲಿ ಇಲ್ಲ. ‘ಸತ್ಯವಾಗಲೂ’ ಇದೆ, ಆದರೆ ಅದು ಆಣೆಯ ಹತ್ತಿರದ್ದು: ‘ಸತ್ಯವಾಗಲೂ ನಾನು ತೆಗೆದುಕೊಂಡಿಲ್ಲ.’ ಆರೋಪ ಇದ್ದಾಗ ಬರುವ ಮಾತದು. ಸಾರಿನ ರುಚಿಗೆ ಯಾರೂ ಆರೋಪ ಹೊರಿಸಿಲ್ಲವಲ್ಲ.

ಐದನೆಯದು. ‘-ವಂತ’, ‘-ಸಂಧ’, ‘-ವಾದಿ’ ಸೇರಿ ಮನುಷ್ಯನ ಗುಣವಾಗುವುದು ‘ಸತ್ಯ’ ಮಾತ್ರ: ಸತ್ಯವಂತ, ಸತ್ಯಸಂಧ, ಸತ್ಯವಾದಿ. ‘ನಿಜವಂತ’, ‘ದಿಟವಂತ’ ಬಳಕೆಯಲ್ಲಿಲ್ಲ. ಸಂಗತಿಗೆ ಅಂಟಿದ ಪದ ಮನುಷ್ಯನ ಗುಣವಾಗಲಾರದು. ಸತ್ಯಾಗ್ರಹವೂ ಹಾಗೆಯೇ. ಅಲ್ಲಿ ಹಿಡಿದು ನಿಲ್ಲುವವನು ಇದ್ದಾನೆ, ಅದಕ್ಕೇ ‘ಸತ್ಯ’.

ಎರಡೂ ಪದ ತಮ್ಮ ತಮ್ಮ ಜಾಗದಲ್ಲಿ ಕುಳಿತಿರುವುದನ್ನು ಒಂದೇ ಕಡೆ ತೋರಿಸಬೇಕಾದರೆ ಕನ್ನಡ ಬೈಬಲಿನ ಯೋಹಾನನ ಸುವಾರ್ತೆ ನೋಡಿ. ಒತ್ತಿ ಹೇಳುವಾಗ ‘ನಿಜನಿಜವಾಗಿ ಹೇಳುತ್ತೇನೆ’, ತತ್ತ್ವ ಹೇಳುವಾಗ ‘ನಾನೇ ಮಾರ್ಗವೂ ಸತ್ಯವೂ ಜೀವವೂ’. ಅದಲುಬದಲು ಮಾಡಿ ಓದಿಸಿ, ತರಗತಿಗೆ ತಾನಾಗಿ ಗೊತ್ತಾಗುತ್ತದೆ.

ಮಲಪ್ರಭಾ:

‘ಖರೆ’ ಬಿಟ್ಟು ಈ ಮಾತು ಮುಗಸಬ್ಯಾಡ್ರಿ. ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಮನ್ಯಾಗ, ಸಂತ್ಯಾಗ ‘ನಿಜ’ ಅನ್ನೋದು ಕಡಿಮಿ, ಅಲ್ಲೆ ‘ಖರೆ’ನ ನಡೀತದ. ಮರಾಠಿ ‘ಖರಾ, ಖರೀ, ಖರೇ’ದಿಂದ ಬಂದದ್ದು. ಮರಾಠಿಯೊಳಗ ಲಿಂಗಕ್ಕ ತಕ್ಕಂಗ ರೂಪ ಬದಲಾಗ್ತದ, ಕನ್ನಡಕ್ಕ ಬಂದ ಮ್ಯಾಲೆ ಎಲ್ಲಾದಕ್ಕೂ ಒಂದ ರೂಪ.

ಮ್ಯಾಲಿನ ಪರೀಕ್ಷೆ ಹಚ್ಚಿ ನೋಡ್ರಿ. ‘ಖರೇನ?’ ಅಂತ ಕೇಳಬಹುದು. ‘ಬಂದಾನ ಖರೆ, ಮಾತಾಡವಲ್ಲ’ ಅಂತ ಒಪ್ಪಿ ತಿರುವಬಹುದು. ಇಲ್ಲೀತನಕ ‘ನಿಜ’ದಂಗ. ಆದರ ‘ಖರೇ ಹೇಳ್ತೀನಿ, ನಾ ನೋಡಿಲ್ಲ’ ಅಂದ್ರ ಆಣಿ ಸನೇಕ ಹೋಗ್ತದ. ‘ಖರೇ ಮನಷ್ಯಾ’ ಅಂದ್ರ ಒಳಗೊಂದು ಹೊರಗೊಂದು ಇಲ್ಲದಾಂವ. ಅಂದ್ರ ದಕ್ಷಿಣದಾಗ ಎರಡು ಪದ ಮಾಡೋ ಕೆಲಸಾ ಇಲ್ಲೆ ಒಂದ ಪದ ಮಾಡ್ತದ. ಹಿಂಗಾಗಿ ಉತ್ತರ ಕರ್ನಾಟಕದಾಗ ಇರೋ ಕಲಿಯೋರಿಗೆ ‘ಖರೆ’ ಮೊದಲು ಕಲಿಸಿದ್ರ ತಪ್ಪು ಕಡಿಮಿ ಆಗ್ತಾವ.

ಇದರ ಎದುರುಪದ ಎರಡು ಅದಾವ. ಮಾತಿಗೆ ‘ಸುಳ್ಳ’, ಸಾಮಾನಿಗೆ, ರೊಕ್ಕಕ್ಕ, ಕಾಗದಕ್ಕ ‘ಖೊಟ್ಟಿ’. ಖೊಟ್ಟಿ ನೋಟು, ಖೊಟ್ಟಿ ದಾಖಲಿ. ‘ಸುಳ್ಳು ನೋಟು’ ಅಂದ್ರ ಯಾರಿಗೂ ತಿಳಿಯಾಂಗಿಲ್ಲ.

ಹಂಗಂತ ‘ಸತ್ಯ’ ಈ ಕಡೆ ಇಲ್ಲ ಅಂತಲ್ಲ. ಅದಕ್ಕ ಬ್ಯಾರೆ ಕೆಲಸ ಅದ. ‘ಸತ್ಯುಳ್ಳ ದೇವರು’, ‘ಸತ್ಯುಳ್ಳ ಶರಣ’ ಅಂತಾರ. ಇಲ್ಲಿ ಸತ್ಯ ಅಂದ್ರ ಶಕ್ತಿ: ನುಡದದ್ದು ನಡೀತದ, ಬೇಡಿದ್ದು ಆಗ್ತದ. ಇದನ್ನ ‘ಖರೇ ದೇವರು’ ಅಂದ್ರ ಅರ್ಥನ ಬ್ಯಾರೆ ಆಗ್ತದ.

ಪಡುಗಡಲು:

ಮಲಪ್ರಭಾ ಅವರು ಹೇಳಿದ ‘ಶಕ್ತಿ’ ಎಂಬ ಅರ್ಥ ಕರಾವಳಿಯಲ್ಲಿ ಇನ್ನೂ ಗಟ್ಟಿ. ತುಳುವಿನಲ್ಲಿ ದೈವಗಳನ್ನೇ ‘ಸತ್ಯೊಲು’ ಎನ್ನುತ್ತಾರೆ. ತುಳುವಿನ ಜನಪದ ಕಥನಹಾಡಾದ ಸಿರಿ ಪಾಡ್ದನದಲ್ಲಿ ಸಿರಿಯ ಊರು ಸತ್ಯನಾಪುರ. ಹಾಗಾಗಿ ದಕ್ಷಿಣ ಕನ್ನಡ, ಉಡುಪಿಯವರ ಕನ್ನಡದಲ್ಲಿ ‘ಅದು ಸತ್ಯದ ಜಾಗ’ ಎಂದರೆ ಅಲ್ಲಿ ಸುಳ್ಳು ಹೇಳಿದವನಿಗೆ ಕೆಡುಕಾಗುತ್ತದೆ ಎಂಬ ನಂಬಿಕೆ ಮಾತಿನೊಳಗೇ ಇರುತ್ತದೆ. ‘ನಿಜದ ಜಾಗ’ ಎಂದರೆ ‘ಅಸಲಿ ಸ್ಥಳ’ ಎಂದಷ್ಟೇ ಆದೀತು. ತಕರಾರು ಎದ್ದಾಗ ‘ಪ್ರಮಾಣಕ್ಕೆ ಬನ್ನಿ’, ಅಂದರೆ ಅಂಥ ಜಾಗದಲ್ಲಿ ಆಣೆ ಮಾಡಲು ಬನ್ನಿ, ಎಂದು ಕರೆಯುವುದೂ ಈ ಅರ್ಥದ ಬಲದಿಂದಲೇ.

ಓಲೆಗರಿ:

ಮೊದಲ ಉತ್ತರದ ಒಂದು ಮಾತಿಗೆ ಹಳಗನ್ನಡದಿಂದ ಆಧಾರ ಕೊಡುತ್ತೇನೆ. ಹೇಳುವವನ ಹೊಣೆ ಎಂಬ ಅರ್ಥಕ್ಕೆ ಕನ್ನಡಕ್ಕೆ ತನ್ನದೇ ಪದವೊಂದಿತ್ತು: ನನ್ನಿ.

‘ನನ್ನಿ’ಯನ್ನು ಇಂದಿನ ಕೋಶಗಳು ‘ಸತ್ಯ, ನಿಜ’ ಎಂದು ಬಿಡಿಸುತ್ತವೆ, ಆದರೆ ಪ್ರಯೋಗ ನೋಡಿದರೆ ಅಷ್ಟೇ ಅಲ್ಲ. 941ರ ಪಂಪಭಾರತದ ಕೊನೆಯಲ್ಲಿ ಕವಿ ಒಬ್ಬೊಬ್ಬ ವೀರನಿಗೆ ಒಂದೊಂದು ಗುಣ ಹಂಚುತ್ತಾನೆ. ಛಲ ದುರ್ಯೋಧನನಿಗೆ, ಧರ್ಮ ಧರ್ಮರಾಯನಿಗೆ. ನನ್ನಿ ಯಾರಿಗೆ? ‘ನನ್ನಿಯೊಳಿನತನಯಂ’, ಅಂದರೆ ಸೂರ್ಯನ ಮಗ ಕರ್ಣನಿಗೆ. ಈ ಕರ್ಣ ತಾನು ಬ್ರಾಹ್ಮಣನೆಂದು ಪರಶುರಾಮನಿಗೆ ಸುಳ್ಳು ಹೇಳಿ ವಿದ್ಯೆ ಕಲಿತವನು. ಸಂಗತಿಯನ್ನು ಇದ್ದಂತೆ ಹೇಳುವುದೇ ನನ್ನಿಯಾಗಿದ್ದರೆ ಅದು ಅವನ ಪಾಲಿಗೆ ಬರುತ್ತಿರಲಿಲ್ಲ. ತನ್ನ ಹುಟ್ಟು ತಿಳಿದ ಮೇಲೂ, ಕೃಷ್ಣ ಕರೆದರೂ ಕುಂತಿ ಬೇಡಿದರೂ, ದುರ್ಯೋಧನನಿಗೆ ಕೊಟ್ಟ ಮಾತು ಬಿಡಲಿಲ್ಲ. ಪಂಪ ನನ್ನಿ ಎಂದು ಕರೆದದ್ದು ಅದನ್ನು. ಗಂಗರ ಇಮ್ಮಡಿ ಬೂತುಗನಿಗೆ ‘ನನ್ನಿಯ ಗಂಗ’ ಎಂಬ ಬಿರುದು, ಅದೇ ವಂಶದ ಇತರ ಅರಸರಿಗೆ ‘ಸತ್ಯವಾಕ್ಯ’ ಎಂಬ ಬಿರುದು. ಎರಡನ್ನೂ ಜೊತೆಗಿಟ್ಟು ನೋಡಿದರೆ ನನ್ನಿಯ ಜಾಗಕ್ಕೆ ‘ಸತ್ಯ’ ಹೇಗೆ ಬಂದು ಕುಳಿತಿತೆಂದು ಕಾಣುತ್ತದೆ. ಪುಣ್ಯಕೋಟಿಯ ಕಥನಗೀತೆಯ ‘ಸತ್ಯ’ವೂ ಇದೇ ಅಲ್ಲವೆ? ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಹಿಂದಿರುಗುವುದು.

ಪದದ ಬೇರು ‘ನಲ್’, ಒಳ್ಳೆಯದು. ನಲ್ಲ, ನಲ್ಮೆ ಅದರ ಬಳಗ, ತಮಿಳಿನ ‘ನನ್ರಿ’ ಅದರ ನೆಂಟ. ಈಗ ಕೆಲವರು ‘ನನ್ನಿ’ಯನ್ನು ಧನ್ಯವಾದದ ಅರ್ಥದಲ್ಲಿ ಬಳಸುತ್ತಾರೆ, ಅದು ತಮಿಳು, ಮಲಯಾಳಗಳ ಅರ್ಥ. ಹಳಗನ್ನಡ ಓದುವಾಗ ಆ ಅರ್ಥ ಹಚ್ಚಿದರೆ ಪದ್ಯ ಕೆಡುತ್ತದೆ.

ಎದುರುಪದಗಳನ್ನು ಜೋಡಿಯಾಗಿ ಕಲಿಸಿದರೆ ಅರ್ಥ ಬೇಗ ಗಟ್ಟಿಯಾಗುತ್ತದೆ. ನನ್ನಿಗೆ ಪುಸಿ. ದಿಟಕ್ಕೆ ಸಟೆ. ಬಸವಣ್ಣನವರ ವಚನದಲ್ಲಿ ಸತ್ಯವ ನುಡಿವುದಕ್ಕೆ ಎದುರು ಮಿಥ್ಯವ ನುಡಿವುದು. ‘ಪುಸಿ’ ಮುಂದೆ ‘ಹುಸಿ’ಯಾಯಿತು. ‘ಹುಸಿಯ ನುಡಿಯಲು ಬೇಡ’ ಎಂಬಲ್ಲಿ ಅದು ಸುಳ್ಳು, ಇವತ್ತಿನ ಪತ್ರಿಕೆಯಲ್ಲಿ ಅದರ ಅರ್ಥ ಸ್ವಲ್ಪ ಸರಿದಿದೆ: ನಿರೀಕ್ಷೆ ಹುಸಿಯಾಯಿತು, ಹುಸಿ ಬಾಂಬ್ ಕರೆ. ಇದ್ದಂತೆ ತೋರಿ ಇಲ್ಲವಾದದ್ದು ಈಗ ಹುಸಿ. ‘ನಿರೀಕ್ಷೆ ಸುಳ್ಳಾಯಿತು’ ಎನ್ನಬಹುದು, ‘ನಿರೀಕ್ಷೆ ಅಸತ್ಯವಾಯಿತು’ ಎನ್ನಲಾಗದು.

‘ದಿಟ’ ಸಂಗತಿಯ ಕಡೆಯದು, ಖಚಿತ ಎಂಬ ಒತ್ತು ಅದರಲ್ಲಿದೆ. ಹಳೇ ಮೈಸೂರಿನ ಹಳ್ಳಿಗಳ ಹಿರಿಯರ ಬಾಯಲ್ಲಿ ‘ದಿಟವಾಗ್ಲೂ’ ಕೇಳುತ್ತದೆ. ಉಳಿದಂತೆ ಪದ್ಯ, ತಲೆಬರಹ, ಅಚ್ಚಗನ್ನಡ ಬಯಸುವವರ ಬರವಣಿಗೆ. ಕಲಿಯುವವರು ಓದಿ ಗುರುತಿಸಿದರೆ ಸಾಕು, ಆಡಬೇಕಿಲ್ಲ.

ಕಲಿಸುವವರು:

ಎಲ್ಲರಿಗೂ ವಂದನೆಗಳು. ಕರ್ಣನ ಉದಾಹರಣೆಯಿಂದ ಸತ್ಯದ ಅರ್ಥ ಸ್ಪಷ್ಟವಾಯಿತು. ಇನ್ನೊಂದು ತೊಡಕು: ಕಲಿಯುವವರಲ್ಲಿ ಕಚೇರಿ ಕೆಲಸದವರೂ ಇದ್ದಾರೆ. ‘ದಾಖಲೆಯ ಸತ್ಯತೆ’, ‘ಪ್ರಾಮಾಣಿಕ ಪುಸ್ತಕ’, ‘ಪ್ರಾಮಾಣಿಕವಾಗಿ ಹೇಳಬೇಕೆಂದರೆ’ ಎಂದು ಬರೆಯುತ್ತಾರೆ. ಕಡತದ ಭಾಷೆಯಲ್ಲಿ ಏನಿದೆ?

ಕಡತ:

ಕಚೇರಿಯಲ್ಲಿ ಈ ಪದಗಳು ಬೇರೆ ಬೇರೆ ಪರಿಶೀಲನೆಗಳ ಹೆಸರು. ಒಂದರ ಬದಲು ಇನ್ನೊಂದು ಬರೆದರೆ ಭಾಷೆ ಕೆಡುವುದರ ಜೊತೆಗೆ ಕೆಲಸವೇ ಬದಲಾಗುತ್ತದೆ.

ದೂರು, ಆರೋಪ, ಸುದ್ದಿ ಬಂದಾಗ ನೋಡುವುದು *ಸತ್ಯಾಸತ್ಯತೆ*. ‘ದೂರಿನ ಸತ್ಯಾಸತ್ಯತೆ ಪರಿಶೀಲಿಸಿ ವರದಿ ಸಲ್ಲಿಸುವುದು.’ ಹೌದೂ ಆಗಬಹುದು ಅಲ್ಲವೂ ಆಗಬಹುದು ಎಂಬುದು ಪದದೊಳಗೇ ಇದೆ, ಆದ್ದರಿಂದ ತೀರ್ಪು ಮೊದಲೇ ಹೇಳಿದಂತಾಗುವುದಿಲ್ಲ. ‘ದೂರಿನ ಸತ್ಯತೆ ಪರಿಶೀಲಿಸಿ’ ಎಂದರೆ ದೂರು ಸರಿ ಎಂದು ಅರ್ಧ ಒಪ್ಪಿದಂತೆ.

ಕಾಗದಪತ್ರಕ್ಕೆ *ನೈಜತೆ*. ‘ಅಂಕಪಟ್ಟಿಯ ನೈಜತೆ ಪರಿಶೀಲನೆ’ ಎಂದರೆ ಆ ಮಂಡಳಿಯೇ ಕೊಟ್ಟದ್ದೋ, ತಿದ್ದಿದ್ದೋ ಎಂದು ನೋಡುವುದು. ಮೊದಲ ಉತ್ತರದಲ್ಲಿ ಹೇಳಿದ ‘ತನ್ನದೇ ಆದ’ ಎಂಬ ಅರ್ಥ ಇಲ್ಲಿ ಸರಿಯಾಗಿ ಹೊಂದುತ್ತದೆ. ಮಾತಿನಲ್ಲಿ ಇದೇ ‘ಅಸಲಿ–ನಕಲಿ’. ಆದರೆ ‘ನಕಲು’ ಎಂದರೆ ಬರೀ ಪ್ರತಿ, ‘ನಕಲಿ’ ಎಂದರೆ ಮೋಸದ್ದು. ಈ ಒಂದು ಸ್ವರ ಬದಲಾದರೆ ‘ದೃಢೀಕೃತ ನಕಲು’ ಹೋಗಿ ‘ದೃಢೀಕೃತ ನಕಲಿ’ ಆಗುತ್ತದೆ. ಕಲಿಯುವವರ ಬರವಣಿಗೆಯಲ್ಲಿ ಇದನ್ನು ಬಿಡದೆ ತಿದ್ದಿ. ‘ಅಸಲು’ಗೆ ಇನ್ನೊಂದು ಅರ್ಥವೂ ಇದೆ, ಸಾಲದಲ್ಲಿ ಬಡ್ಡಿ ಬಿಟ್ಟು ಉಳಿದ ಮೂಲ ಹಣ.

ಕಾನೂನಿಗೆ ಸಲ್ಲುತ್ತದೆಯೇ ಎಂಬುದಕ್ಕೆ *ಸಿಂಧುತ್ವ*. ಜಾತಿ ಸಿಂಧುತ್ವ ಪ್ರಮಾಣಪತ್ರ ಎಲ್ಲರೂ ಕೇಳಿದ ಪದ. ಅವಧಿ ಮುಗಿದ ಆದಾಯ ಪ್ರಮಾಣಪತ್ರ ನೈಜವೇ, ಸಿಂಧು ಅಲ್ಲ. ಅದರಲ್ಲಿ ಬರೆದ ಆದಾಯ ಸರಿಯೋ ಎಂಬುದು ಮೂರನೆಯ ಪ್ರಶ್ನೆ, ಅದು ಸತ್ಯಾಸತ್ಯತೆ. ಒಂದೇ ಹಾಳೆಗೆ ಮೂರು ಪ್ರಶ್ನೆ, ಮೂರು ಪದ. ಇದನ್ನೇ ಒಂದು ಅಭ್ಯಾಸವಾಗಿ ಕೊಡಬಹುದು.

ನಡೆದದ್ದನ್ನು ಅಭಿಪ್ರಾಯ ಬೆರೆಸದೆ ಬರೆಯುವಾಗ *ವಾಸ್ತವಾಂಶ*. ಪ್ರಮಾಣ ಮಾಡಿ ಸಹಿ ಹಾಕುವ ಹೇಳಿಕೆಯ ಕೊನೆಗೆ ಮಾತ್ರ ‘ಸತ್ಯ’ ಬರುತ್ತದೆ: ‘ಮೇಲಿನ ವಿವರಗಳು ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ.’ ಅಲ್ಲಿ ಸಹಿ ಹಾಕಿದವನು ಹೊಣೆ ಹೊರುತ್ತಾನೆ, ಆದ್ದರಿಂದ ‘ನಿಜವಾಗಿರುತ್ತವೆ’ ಎಂದು ತಿದ್ದಲು ಹೋಗಬೇಡಿ.

‘ಪ್ರಾಮಾಣಿಕ’ ಹಿಂದಿಯವರನ್ನು ಪ್ರತಿಸಲ ದಾರಿ ತಪ್ಪಿಸುತ್ತದೆ. ಹಿಂದಿಯಲ್ಲಿ ಅದು ಗ್ರಂಥಕ್ಕೆ, ದಾಖಲೆಗೆ ಹೇಳುವ ಮಾತು: ಆಧಾರವುಳ್ಳದ್ದು ಎಂದು. ಕನ್ನಡದಲ್ಲಿ ಅದು ಮನುಷ್ಯನ ಗುಣ, ಹಿಂದಿಯವರು ‘ಈಮಾನ್‌ದಾರ್’ ಎನ್ನುವ ಜಾಗ. ಹಾಗಾಗಿ ‘ಪ್ರಾಮಾಣಿಕ ಪುಸ್ತಕ’ ಎಂದರೆ ಪುಸ್ತಕ ಕಳ್ಳತನ ಮಾಡುವುದಿಲ್ಲ ಎಂದಂತೆ ಕೇಳುತ್ತದೆ. ‘ಅಧಿಕೃತ ಗ್ರಂಥ’, ‘ಪ್ರಮಾಣಗ್ರಂಥ’ ಎನ್ನಿ.

ಪ್ರಾಮಾಣಿಕನಾದವನು ಹೇಳಿದ್ದು ನಿಜವೇ ಆಗಿರಬೇಕಿಲ್ಲ, ತಪ್ಪು ತಿಳಿದು ಪ್ರಾಮಾಣಿಕವಾಗಿಯೇ ತಪ್ಪು ಹೇಳಬಹುದು. ‘ಪ್ರಾಮಾಣಿಕ ಪ್ರಯತ್ನ’ ಸರಿ, ‘ಸತ್ಯ ಪ್ರಯತ್ನ’ ಇಲ್ಲ. ‘ಪ್ರಾಮಾಣಿಕವಾಗಿ ಹೇಳಬೇಕೆಂದರೆ’ ಇಂಗ್ಲಿಷಿನಿಂದ ಎತ್ತಿಟ್ಟ ಸಾಲು. ಕನ್ನಡದಲ್ಲಿ ‘ನಿಜ ಹೇಳಬೇಕೆಂದರೆ’, ‘ಇದ್ದದ್ದು ಇದ್ದ ಹಾಗೆ ಹೇಳುವುದಾದರೆ’.

ಇನ್ನೆರಡು ಆಡುಪದಗಳು. ‘ಸಾಚಾ’ ಹೆಚ್ಚಾಗಿ ಅಲ್ಲಗಳೆಯುವಾಗ ಬರುತ್ತದೆ: ‘ಅವನೇನೂ ಸಾಚಾ ಅಲ್ಲ.’ ಹೊಗಳಲು ಬಳಸಿದರೆ ಚುಚ್ಚಿದಂತಾಗಬಹುದು. ‘ನಿಯತ್ತು’ ಅನ್ನ ಹಾಕಿದವರಿಗೆ, ಕೆಲಸ ಕೊಟ್ಟವರಿಗೆ ಎರಡು ಬಗೆಯದೆ ಇರುವುದು. ನಾಯಿಗೆ ನಿಯತ್ತಿದೆ ಎನ್ನುತ್ತೇವೆ, ಪ್ರಾಮಾಣಿಕತೆ ಇದೆ ಎನ್ನುವುದಿಲ್ಲ.

ಓಲೆಗರಿ:

ಮಲೆನಾಡು ಮಾತು ಅವರ ನಿಯಮಕ್ಕೆ ಒಂದು ತಕರಾರು. ‘ಸತ್ಯಘಟನೆ’, ‘ಸತ್ಯಸಂಗತಿ’, ‘ಸತ್ಯಾಂಶ’ ಇವೆಲ್ಲ ಸಂಗತಿಗೇ ಅಂಟಿವೆಯಲ್ಲ? ‘ಕಟುಸತ್ಯ’, ‘ಅರ್ಧಸತ್ಯ’, ‘ನಗ್ನಸತ್ಯ’ ಕೂಡ. ಹೇಳುವವನು ಅಲ್ಲಿ ಕಾಣುವುದಿಲ್ಲ.

ಮಲೆನಾಡು ಮಾತು:

ತಕರಾರು ಸರಿ, ನಿಯಮವನ್ನು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ಸಂಸ್ಕೃತ ಪದದ ಜೊತೆ ಸಮಾಸವಾಗುವಾಗ ‘ಸತ್ಯ’ ಸಂಗತಿಗೂ ಹೋಗುತ್ತದೆ. ಆದರೆ ಆಗಲೂ ಒಂದು ತೂಕ ಉಳಿದಿದೆ. ಮರೆಮಾಚಿದ್ದು, ಒಪ್ಪಲು ಕಷ್ಟವಾದದ್ದು, ಯಾರೋ ಅಲ್ಲಗಳೆದದ್ದು ಹೊರಗೆ ಬಂದಾಗ ‘ಸತ್ಯಾಂಶ ಬಯಲಾಯಿತು’. ಹಾಲಿನ ದರ ಏರಿತು ಎಂಬುದಕ್ಕೆ ‘ಸತ್ಯಾಂಶ’ ಬರುವುದಿಲ್ಲ, ‘ದರ ಏರಿದ್ದು ನಿಜ’ ಅಷ್ಟೇ. ನೀವು ಕೊಟ್ಟ ‘ಕಟು’, ‘ನಗ್ನ’, ‘ಅರ್ಧ’ ಎಂಬ ವಿಶೇಷಣಗಳೇ ನೋಡಿ, ಹೇಳಲು ಹಿಂಜರಿಯುವ ಒಬ್ಬ ಮನುಷ್ಯ ಅವುಗಳ ಹಿಂದೆ ಇದ್ದಾನೆ. ‘ಅರ್ಧಸತ್ಯ’ ಎಂದರೆ ಉಳಿದರ್ಧವನ್ನು ಯಾರೋ ಬಚ್ಚಿಟ್ಟಿದ್ದಾರೆ.

ಕಲಿಸುವವರಿಗೆ ಇನ್ನೊಂದು ಸೂಚನೆ, ಅಲ್ಲಗಳೆಯುವ ರೂಪಗಳ ಬಗ್ಗೆ. ಪಾಠದಲ್ಲಿ ಇದು ಬಿಟ್ಟುಹೋಗುತ್ತದೆ, ಜಗಳ ಹುಟ್ಟುವುದು ಇಲ್ಲೇ. ‘ಅದು ಸುಳ್ಳು’ ಎಂದರೆ ಸುದ್ದಿಗೂ ಹೇಳಬಹುದು, ಆದರೆ ಎದುರಿಗಿದ್ದವರ ಮಾತಿಗೆ ಹೇಳಿದರೆ ‘ನೀವು ಬೇಕೆಂದೇ ಸುಳ್ಳು ಹೇಳಿದಿರಿ’ ಎಂಬ ಆರೋಪ ಆಗುತ್ತದೆ. ಹಿರಿಯರ ಎದುರು, ಕಚೇರಿಯಲ್ಲಿ ‘ಅದು ಹಾಗಲ್ಲ’ ಅನ್ನುವುದು ವಾಡಿಕೆ. ಸ್ವಲ್ಪ ಗಟ್ಟಿ ಬೇಕಾದರೆ ‘ಅದು ನಿಜ ಅಲ್ಲ’. ಹೇಳಿಕೆಗೆ ಉತ್ತರವಾಗಿ ಬರೆಯುವಾಗ ‘ಸತ್ಯಕ್ಕೆ ದೂರವಾದ ಮಾತು’. ‘ತಪ್ಪು’ ಎಂದರೆ ಲೆಕ್ಕ, ಮಾಹಿತಿ ಸರಿಯಿಲ್ಲ ಎಂದು, ಅಲ್ಲಿ ಆರೋಪ ಕಡಿಮೆ.

ಪಾಠದ ಕ್ರಮ ಹೀಗಿಟ್ಟರೆ ಚೆನ್ನ. ಮೊದಲು ‘ಹೌದಾ? ನಿಜವಾ?’ ಮತ್ತು ‘ನಿಜಕ್ಕೂ’. ಆಮೇಲೆ ‘ಬಂದದ್ದು ನಿಜ, ಆದರೆ’, ಇದಕ್ಕೆ ಹತ್ತು ವಾಕ್ಯವಾದರೂ ಬರೆಸಿ, ಏಕೆಂದರೆ ‘ಬಂದದ್ದು’ ರೂಪದಲ್ಲೂ ತಪ್ಪುತ್ತಾರೆ. ನಂತರ ‘ಹಾಗಲ್ಲ, ನಿಜ ಅಲ್ಲ, ಸುಳ್ಳು’ ಈ ಮೂರರ ಏರಿಳಿತ. ‘ಸತ್ಯ’ವನ್ನು ಪುಣ್ಯಕೋಟಿ ಓದಿಸುವ ದಿನಕ್ಕೆ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಆ ಪದ ಅವರಿಗೆ ಬೇಕಾಗುವುದಿಲ್ಲ.